ಮೈದಾ ಹಾಕಿಲ್ಲ, ಒಂದು ತಿಂದು ನೋಡಿ!

ಬಡಾವಣೆಗೊಬ್ಬರಂತೆ ಇವರು ಸಿಗುತ್ತಾರೆ. ಹೆಂಗಸೇ ಆಗಬೇಕೆಂದಿಲ್ಲ, ನಿವೃತ್ತ ಬ್ಯಾಂಕ್ ಮ್ಯಾನೇಜರುಗಳೂ ಈ ಗುಂಪಿನಲ್ಲಿದ್ದಾರೆ. ಮೈದಾವೈರಿಗಳು ಎಂದು ಕರೆಯೋಣ. ಗುರುತು ಹಿಡಿಯುವುದು ಸುಲಭ. ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ "ಮೈದಾ ಹಾಕಿಲ್ಲ" ಎನ್ನುತ್ತಾರೆ. ಸಕ್ಕರೆ ಇಲ್ಲ, ಮೊಟ್ಟೆ ಇಲ್ಲ, ಬಣ್ಣ ಇಲ್ಲ ಎಂದು ಪಟ್ಟಿ ಬೆಳೆಯುತ್ತದೆ. ಡಬ್ಬಿಯಲ್ಲಿ ಏನಾದರೂ ಇದೆಯೋ ಇಲ್ಲವೋ ಎಂದು ಬಂದವರಿಗೆ ಅನುಮಾನ ಹುಟ್ಟುವ ಹೊತ್ತಿಗೆ ಕಂದುಬಣ್ಣದ ಚೌಕ ತುಂಡೊಂದು ಕೈಗೆ ಬಂದಿರುತ್ತದೆ. ಅದು ಬಾಯಿಗೆ ಹೋಗುವಷ್ಟರಲ್ಲಿ ಎರಡನೆಯ ಮಾತು: "ಹೊರಗಡೆ ಇದಕ್ಕೆ ಎಷ್ಟು ಕೊಡ್ಬೇಕು ಗೊತ್ತಾ?" ಒಂದು ಆರೋಗ್ಯದ ಮಾತು, ಇನ್ನೊಂದು ಉಳಿತಾಯದ ಮಾತು. ಇವರ ಅಡುಗೆಮನೆ ಈ ಎರಡು ಕಾಲಿನ ಮೇಲೇ ನಿಂತಿದೆ. ಒಂದನ್ನು ಊರಿದರೆ ಇನ್ನೊಂದನ್ನು ಎತ್ತಲೇಬೇಕು ಎಂಬುದು ನನ್ನ ವಾದ.

ಮೊದಲು ದುಡ್ಡು. ಮಧ್ಯಮವರ್ಗದ ಮನೆಯಲ್ಲಿ ತಿಂಗಳ ಮೊದಲ ವಾರ ಹೇಗಿರುತ್ತದೆಂದು ಹೇಳಬೇಕಾಗಿಲ್ಲ: ಮನೆಸಾಲದ ಕಂತು, ಸ್ಕೂಲ್ ವ್ಯಾನು, ಹಾಲಿನ ಬಾಕಿ, ಚೀಟಿ ದುಡ್ಡು, ಎಲ್‌ಐಸಿ. ಇಂಥ ಲೆಕ್ಕದ ಪುಸ್ತಕದೊಳಗೆ 28 ಲೀಟರಿನ ಓವನ್ ಕಾಲಿಡಬೇಕಾದರೆ ಅದು ಖರ್ಚಿನ ವೇಷದಲ್ಲಿ ಬರುವಂತಿಲ್ಲ. "ಬೇಕರಿಗೆ ಸುರಿಯೋ ದುಡ್ಡಲ್ಲೇ ಇದು ತೀರಿಹೋಗುತ್ತೆ ಕಣ್ರೀ" ಎಂದೇ ಬರುತ್ತದೆ. ತೀರುತ್ತದೆಯೇ? ಓವನ್ ಎಂಟು ಸಾವಿರ ಎಂದಿಟ್ಟುಕೊಳ್ಳಿ. ಅರ್ಧ ಕೆಜಿ ಕೇಕಿನ ಮೇಲೆ ಐವತ್ತು ರೂಪಾಯಿ ಉಳಿಯಿತೆಂದು ಧಾರಾಳವಾಗಿ ಒಪ್ಪಿಕೊಂಡರೂ ಅಸಲು ಹುಟ್ಟಲು 160 ಕೇಕ್ ಆಗಬೇಕು. ವಾರಕ್ಕೊಂದರಂತೆ ಮೂರು ವರ್ಷ. ಅಳತೆಯ ಕಪ್ಪು, ಬಟರ್ ಪೇಪರ್, ಡಿಜಿಟಲ್ ತಕ್ಕಡಿ, ಎರಡು ಸಲ ಬಳಸಿ ಫ್ರಿಜ್ಜಿನ ಬಾಗಿಲಲ್ಲೇ ಅವಧಿ ಮುಗಿಸಿಕೊಳ್ಳುವ ವೆನಿಲಾ ಎಸೆನ್ಸ್ ಇದರಲ್ಲಿ ಸೇರಿಲ್ಲ. ಮೈದಾ ಬಿಟ್ಟ ಮೇಲೆ ಬಾದಾಮಿ ಪುಡಿ ಬರುತ್ತದೆ. "ಅದು ಎಷ್ಟಾಗುತ್ತೆ?" ಎಂದು ಯಜಮಾನರು ಕೇಳಿದರೆ, "ಮಕ್ಕಳ ಆರೋಗ್ಯಕ್ಕಿಂತ ಹೆಚ್ಚೇನ್ರೀ?" ಎಂಬ ಉತ್ತರ ಸಿದ್ಧವಾಗಿರುತ್ತದೆ. ಗಮನಿಸಿ: ಉಳಿತಾಯದ ವಾದ ಸೋಲುವ ಜಾಗದಲ್ಲಿ ಆರೋಗ್ಯ ಬಂದು ನಿಂತಿತು. ಇತ್ತ ಬೇಕರಿಯ ಲೆಕ್ಕವೇ ಬೇರೆ. ಹಾಸನದ ಕಡೆಯಿಂದ ಬಂದವರು ಕಟ್ಟಿ ಬೆಳೆಸಿದ ಅಯ್ಯಂಗಾರ್ ಬೇಕರಿಯಲ್ಲಿ ಆಸೆಯಾದವನು ಒಂದು ಪೀಸ್ ಹನಿ ಕೇಕ್ ನಿಂತೇ ತಿಂದು, ಕೈ ಒರೆಸಿಕೊಂಡು ಹೊರಡುತ್ತಾನೆ. ಮನೆಯ ಓವನ್ನಿಗೆ ಒಂದು ಪೀಸ್ ಬೇಯಿಸಲು ಬಾರದು. ಸಾಲದ್ದಕ್ಕೆ 2025ರ ಸೆಪ್ಟೆಂಬರ್ 22ರಿಂದ ಕೇಕು, ಬಿಸ್ಕತ್ತುಗಳ ಮೇಲಿನ ಜಿಎಸ್‌ಟಿ ಶೇ. 18ರಿಂದ ಶೇ. 5ಕ್ಕೆ ಇಳಿದಿದೆ. ಸರ್ಕಾರವೂ ಬೇಕರಿಯ ಕಡೆಗೇ ವಾಲಿದಂತಾಯಿತು.

ಕರೆಂಟಿನದು ಇನ್ನೊಂದು ಕಥೆ. 1,500 ವಾಟಿನ ಓವನ್ ಒಂದು ಗಂಟೆ ಉರಿದರೆ ಹೆಚ್ಚೆಂದರೆ ಒಂದೂವರೆ ಯೂನಿಟ್. ದೊಡ್ಡ ಮಾತಲ್ಲ. ಆದರೆ 2023ರಲ್ಲಿ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಬಂದ ಮೇಲೆ ಕರ್ನಾಟಕದ ಮೈದಾವೈರಿಗಳಿಗೆ ಬೇಕಿಂಗ್ ಜೊತೆಗೆ ಮೀಟರ್ ಓದುವ ವಿದ್ಯೆಯೂ ಬೇಕಾಗಿದೆ. ಇನ್ನೂರು ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ತಿಂಗಳ ಕೊನೆಯಲ್ಲಿ ಇವರನ್ನು ನೋಡಬೇಕು. ಹಿಟ್ಟು ಕಲಸಿಯಾಗಿದೆ, ಸೋಡಾಪುಡಿ ಮೊಸರಿಗೆ ಬಿದ್ದು ಗುಳ್ಳೆ ಏಳುತ್ತಿದೆ, ಅದು ಆರುವ ಮೊದಲು ಟಿನ್ ಒಳಗೆ ಹೋಗಬೇಕು. ಇವರು ಮಾತ್ರ ಮೆಟ್ಟಿಲ ಕೆಳಗಿನ ಮೀಟರ್ ಪೆಟ್ಟಿಗೆಯ ಮುಂದೆ ಕನ್ನಡಕ ಹಣೆಗೇರಿಸಿ ನಿಂತಿರುತ್ತಾರೆ. ವಾಪಸು ಬರುವಷ್ಟರಲ್ಲಿ ಗುಳ್ಳೆ ಒಡೆದಿರುತ್ತದೆ. ಬೆಂದಿದೆಯೇ ಎಂದು ಹತ್ತು ನಿಮಿಷಕ್ಕೊಮ್ಮೆ ಬಾಗಿಲು ತೆಗೆದು ಕಡ್ಡಿ ಚುಚ್ಚುವುದರಿಂದ ಒಳಗಿನ ಶಾಖ ಹೊರಟು, ಉಬ್ಬಬೇಕಾದ ಕೇಕ್ ನಡುವೆ ಕುಸಿಯುತ್ತದೆ. ಆ ಕುಳಿಗೆ ಬೆಲ್ಲದ ಪಾಕ ಸುರಿದು, ಮೇಲೆ ದ್ರಾಕ್ಷಿ ಗೋಡಂಬಿ ಹರಡಿ, ಫೋಟೊ ತೆಗೆಯುತ್ತಾರೆ. ಫೋಟೊದಲ್ಲಿ ಕುಳಿ ಕಾಣುವುದಿಲ್ಲ, ಪಾಕದ ಕ್ಯಾಲೊರಿಯೂ ಕಾಣುವುದಿಲ್ಲ.

ಇನ್ನು ಆರೋಗ್ಯ. ಇವರ ಪಕ್ಷದಲ್ಲಿ ಸತ್ಯವೇ ಇಲ್ಲವೆಂದಲ್ಲ. ಮೈದಾಗಿಂತ ಇಡೀ ಗೋಧಿಹಿಟ್ಟಿನಲ್ಲಿ ನಾರು ಹೆಚ್ಚು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮೈದಾ ಅದರ ಹತ್ತಿರಕ್ಕೂ ಸುಳಿಯದು. ಆದರೆ ರಾಗಿಯಲ್ಲಿ ಗ್ಲುಟೆನ್ ಇಲ್ಲ, ಹಾಗಾಗಿ ಬರಿಯ ರಾಗಿ ಕೇಕ್ ಉಬ್ಬಲು ಒಲ್ಲದೆ ತನ್ನ ಪೂರ್ವಾಶ್ರಮದ ಮುದ್ದೆಯ ಕಡೆಗೇ ಎಳೆಯುತ್ತದೆ. ಅದನ್ನು ಕೇಕಿನ ದಾರಿಗೆ ತರಲು ಬೆಣ್ಣೆ ಏರುತ್ತದೆ, ಬೆಲ್ಲ ಏರುತ್ತದೆ. ಬೆಲ್ಲದ ವಿಷಯದಲ್ಲಂತೂ ನಮ್ಮವರ ಭಕ್ತಿ ಅಪಾರ. ಸಕ್ಕರೆಯನ್ನು ಚಮಚದಲ್ಲಿ ಅಳೆಯುವವರು ಬೆಲ್ಲವನ್ನು ಕೈಯಳತೆಯಲ್ಲಿ ಹಾಕುತ್ತಾರೆ. ನೂರು ಗ್ರಾಂ ಸಕ್ಕರೆಯಲ್ಲಿ 400ರ ಹತ್ತಿರ ಕ್ಯಾಲೊರಿ ಇದ್ದರೆ ಬೆಲ್ಲದಲ್ಲಿ 380ರ ಹತ್ತಿರ. ಅಷ್ಟಿಷ್ಟು ಖನಿಜಾಂಶ ಹೆಚ್ಚಿದೆ, ನಿಜ. ರಕ್ತದ ಸಕ್ಕರೆಗೆ ಅದರ ಮೇಲೇನೂ ಗೌರವವಿಲ್ಲ. ಇನ್ನೂರು ಗ್ರಾಂ ಬೆಲ್ಲದ ಕೇಕನ್ನು ಎಂಟು ತುಂಡು ಮಾಡಿದರೆ ತಲೆಗೆ 25 ಗ್ರಾಂ. ದಿನಕ್ಕೆ 2,000 ಕ್ಯಾಲೊರಿ ತಿನ್ನುವವರು ಹೊರಗಿನಿಂದ ಸೇರಿಸಿದ ಸಿಹಿಯನ್ನು 50 ಗ್ರಾಂ ಒಳಗಿಡಬೇಕು, 25ರ ಒಳಗಿದ್ದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2015ರ ಸಲಹೆಯ ಸಾರ. ಒಂದೇ ತುಂಡಿಗೆ ಆ 25ರ ಕೋಟಾ ಮುಗಿಯಿತು. ಆದರೆ "ಬೆಲ್ಲದ್ದು ತಾನೇ, ಇನ್ನೊಂದು ಹಾಕ್ಕೊಳಿ" ಎಂಬ ಉಪಚಾರ ಆಗಷ್ಟೇ ಶುರುವಾಗಿರುತ್ತದೆ. ಈಗ ಎರಡು ಲೆಕ್ಕಗಳನ್ನು ಅಕ್ಕಪಕ್ಕ ಇಡಿ. ಓವನ್ನಿನ ದುಡ್ಡು ಹುಟ್ಟಬೇಕಾದರೆ ವಾರವಾರವೂ ಕೇಕ್ ತಿನ್ನಬೇಕು. ಆರೋಗ್ಯ ಉಳಿಯಬೇಕಾದರೆ ಅಪರೂಪಕ್ಕೆ ತಿನ್ನಬೇಕು, ಆಗ ದುಡ್ಡು ಹುಟ್ಟುವುದಿಲ್ಲ.

ಇದಕ್ಕೆ ಆಕ್ಷೇಪಣೆ ಬರುತ್ತದೆ. ಅಂಗಡಿಯದರಲ್ಲಿ ಏನೇನು ಹಾಕಿರುತ್ತಾರೋ, ಮನೆಯದಾದರೆ ಗೊತ್ತಿರುತ್ತದಲ್ಲ ಎನ್ನುತ್ತಾರೆ. ತೂಕದ ಮಾತು. 2022ರ ಜನವರಿಯಿಂದ ಎಣ್ಣೆ, ಕೊಬ್ಬುಗಳಲ್ಲಿ ಟ್ರಾನ್ಸ್ ಫ್ಯಾಟ್ ಶೇ. 2ನ್ನು ಮೀರಬಾರದೆಂಬ ನಿಯಮವೇ ಬಂದಿದೆ ಎಂದರೆ ಭಯ ಸುಳ್ಳಲ್ಲ. ಆದರೆ ಏನು ಬಿದ್ದಿದೆ ಎಂದು ತಿಳಿದಿರುವುದು ಬೇರೆ, ಕಡಿಮೆ ಬಿದ್ದಿರುವುದು ಬೇರೆ. ನೂರು ಗ್ರಾಂ ಬೆಣ್ಣೆಯನ್ನು ಕಣ್ಣಾರೆ ಕಂಡು ಹಾಕಿದರೂ ಅದು ನೂರು ಗ್ರಾಮೇ. ಕೆಲವರು ಮಾರಿ ಸಂಪಾದಿಸುತ್ತಾರಲ್ಲ ಎಂಬುದು ಇನ್ನೊಂದು ಮಾತು. ಅವರು ಕರೆಂಟು, ಕೂಲಿ, ಡಬ್ಬಿ ಎಲ್ಲವನ್ನೂ ದರಕ್ಕೆ ಸೇರಿಸುವ ವ್ಯಾಪಾರಸ್ಥರು. ಮೈದಾವೈರಿಗಳು ತಮ್ಮ ಭಾನುವಾರದ ಮಧ್ಯಾಹ್ನಕ್ಕೆ ಸೊನ್ನೆ ಬೆಲೆ ಕಟ್ಟಿದ್ದರಿಂದಲೇ ಅವರ ಕೇಕ್ ಅಗ್ಗವಾಗಿ ಕಾಣುವುದು.

ಹಾಗಾದರೆ ಇವರು ಕೇಕ್ ಮಾಡುವುದಾದರೂ ಏಕೆ? ನಿಜವಾಗಿ ಆರೋಗ್ಯ ಮತ್ತು ಉಳಿತಾಯವೇ ಗುರಿಯಾಗಿದ್ದರೆ ಇಡ್ಲಿ ಪಾತ್ರೆ ಮನೆಯಲ್ಲೇ ಇತ್ತು. ಹಬೆಯಲ್ಲಿ ಬೇಯುವ ಕಡುಬಿಗೆ ಬೆಣ್ಣೆ ಬೇಡ, ಬಾದಾಮಿ ಬೇಡ, ಮೀಟರ್ ನೋಡುವುದು ಬೇಡ. ಆದರೆ ಕಡುಬು ಮಾಡಿ ಯಾರೂ "ಮೈದಾ ಹಾಕಿಲ್ಲ" ಎಂದು ಮೂರನೆಯ ಮನೆಗೆ ಕೊಂಡೊಯ್ಯುವುದಿಲ್ಲ. ಕಾರಣ ಸರಳ: ಹಿಟ್ಟು ಉಬ್ಬುವುದನ್ನು ಗಾಜಿನಾಚೆ ನೋಡುವುದು, ಮನೆಯೆಲ್ಲ ಏಲಕ್ಕಿಯ ಘಮ ಹಬ್ಬುವುದು, ನಾಲ್ಕು ಜನ "ಚೆನ್ನಾಗಿದೆ" ಎನ್ನುವುದು, ಇವೆಲ್ಲ ಅವರಿಗೆ ಇಷ್ಟ. ಆದರೆ ನಮ್ಮ ಮನೆಗಳ ಜಮಾಖರ್ಚಿನಲ್ಲಿ 'ಇಷ್ಟ' ಎಂಬ ಬಾಬತ್ತೇ ಇಲ್ಲ. ಆಸ್ಪತ್ರೆಗೆ, ಫೀಸಿಗೆ, ಮುಯ್ಯಿಗೆ ದುಡ್ಡು ಬಿಚ್ಚಬಹುದು. ಸುಮ್ಮನೆ ಖುಷಿಗೆಂದು ಬಿಚ್ಚಿದರೆ ಅಪರಾಧ. ಆದ್ದರಿಂದ ಖುಷಿ ಈ ಮನೆಗೆ ಒಮ್ಮೆ ಔಷಧಿಯ ಹೆಸರಲ್ಲಿ, ಒಮ್ಮೆ ಉಳಿತಾಯದ ಹೆಸರಲ್ಲಿ ಕಳ್ಳದಾರಿಯಿಂದ ಬರಬೇಕಾಗಿದೆ.

ಅವರ ದುಡ್ಡು, ಅವರ ಹಿಟ್ಟು, ನಿಮಗೇನು ನಷ್ಟ ಎಂದು ಕೇಳಬಹುದು. ನಷ್ಟ ತಿನ್ನುವವರದು. ಔಷಧಿ ಎಂದು ಕೊಟ್ಟದ್ದನ್ನು ಬೇಡ ಎನ್ನಲಾಗದು, ಅಳತೆ ಕೇಳಲಾಗದು, ಮಧುಮೇಹ ಇರುವವರೂ ನಂಬಿ ಎರಡು ತುಂಡು ತಿನ್ನುತ್ತಾರೆ. ಆದ್ದರಿಂದ ಮೈದಾವೈರಿಗಳಲ್ಲಿ ಒಂದು ವಿನಂತಿ. ಓವನ್ ಮಾರಬೇಡಿ. ತಿಂಗಳ ಲೆಕ್ಕದಲ್ಲಿ 'ಖುಷಿಗೆ' ಎಂದು ಒಂದು ಸಾಲು ಬರೆದು, ಎದುರಿಗೆ ಕೈಗೆಟಕುವ ಮೊತ್ತ ಹಾಕಿ, ತಿಂಗಳಿಗೊಮ್ಮೆ ಧೈರ್ಯವಾಗಿ ಕೇಕ್ ಮಾಡಿ. ಬೆಲ್ಲವನ್ನು ತೂಗಿ ಹಾಕಿ, ತುಂಡನ್ನು ತೆಳ್ಳಗೆ ಕತ್ತರಿಸಿ. ಬೇಕಿದ್ದರೆ ಮೈದಾನೇ ಹಾಕಿ. ತಿಂಗಳಿಗೊಂದು ತೆಳು ತುಂಡಿನ ಮೈದಾದಿಂದ ಯಾರ ಆರೋಗ್ಯವೂ ಕೆಡುವುದಿಲ್ಲ.