ತಾಳಿಕೊಳ್ಳುವವರ ಊರಿನಲ್ಲಿ

ಈಶ್ವರಮಂಗಲದಲ್ಲಿ ಮನೋವೈದ್ಯರಿಗೆ ಬರವಿಲ್ಲ. ಪೇಟೆಯಲ್ಲಿ ಬಸ್ಸು ಕಾಯುವವರೆಲ್ಲ ಅವರೇ. ಹುಡುಗ ಎರಡು ನಿಮಿಷ ಕೂತಲ್ಲಿ ಕೂರುವುದಿಲ್ಲವೋ, "ಎರಡು ಬಿಗಿಯಿರಿ ಮಾರಾಯ್ರೆ, ಸರಿಯಾಗ್ತಾನೆ." ಎಂಟನೇ ಕ್ಲಾಸಿಗೆ ಬಂದರೂ ಅಕ್ಷರ ಕೂಡಿಸಿ ಓದಲಾಗುವುದಿಲ್ಲವೋ, "ಉದಾಸೀನ." ಯಾರ ಮುಖವನ್ನೂ ನೋಡದೆ ತಿರುಗುವ ಫ್ಯಾನನ್ನೇ ನೋಡುತ್ತಾನೋ, ಸುಬ್ರಹ್ಮಣ್ಯದಲ್ಲಿ ಸರ್ಪಸಂಸ್ಕಾರ ಆಗಲೇಬೇಕು. ಫೀಸಿಲ್ಲ, ಟೋಕನ್ನಿಲ್ಲ. ನಿಮ್ಹಾನ್ಸಿನವರು ಗಂಟೆಗಟ್ಟಲೆ ಪರೀಕ್ಷಿಸಿ ಹೇಳುವುದನ್ನು ಇವರು ಚಾ ಆರುವ ಮೊದಲೇ ಹೇಳಿ ಮುಗಿಸುತ್ತಾರೆ.

ಈಚೆಗೆ ಹೊಸ ಮದ್ದೊಂದು ಬಂದಿದೆ: ಮನಸ್ಸು ಗಟ್ಟಿ ಮಾಡಿಕೊಳ್ಳುವುದು. ಆಟಿಸಂ, ಎಡಿಎಚ್‌ಡಿ ಇರುವ ಹದಿಹರೆಯದವರಲ್ಲಿ ಆತಂಕ, ಖಿನ್ನತೆ ಜಾಸ್ತಿ ಎಂದು ವೈದ್ಯರು ಹೇಳಿದ್ದೇ ತಡ, ಶಿಬಿರ ಶುರು. ಜಾಸ್ತಿ ಯಾಕೆ ಎಂದು ಕೇಳಲು ಸಂಪನ್ಮೂಲ ವ್ಯಕ್ತಿಗಳಿಗೆ ಪುರುಸೊತ್ತಿಲ್ಲ. ಮಧ್ಯಾಹ್ನ ಇನ್ನೊಂದು ಕಾಲೇಜಿದೆ. ಗೌಜಿಗೆ ಕಿವಿ ಮುಚ್ಚದೆ, ಕೈ ಅಲ್ಲಾಡಿಸದೆ, ಇಡೀ ದಿನ ಎಲ್ಲರ ಹಾಗೆ ನಟಿಸಿ, ಸಂಜೆ ಮನೆಯಲ್ಲಿ ಬೊಬ್ಬೆ ಹಾಕಿ ಅಳುವ ಹುಡುಗಿಗೆ ಅವರ ಉಪದೇಶ: "ಸಹಿಸಿಕೊಳ್ಳಲು ಕಲಿ."

ಕಾನೂನು ಇಲ್ಲವೆಂದಲ್ಲ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲೇ 21 ಬಗೆಗಳನ್ನು ಪಟ್ಟಿ ಮಾಡಿ, ಆಟಿಸಂ ಮತ್ತು ಕಲಿಕಾ ನ್ಯೂನತೆಗಳನ್ನೂ ಸೇರಿಸಿತು. ಎಡಿಎಚ್‌ಡಿ ಅದರಲ್ಲಿಲ್ಲ. ಬಹುಶಃ ಅಷ್ಟು ಹೊತ್ತು ಸಾಲಿನಲ್ಲಿ ನಿಲ್ಲಲು ಅದಕ್ಕೆ ಆಗಿರಲಿಕ್ಕಿಲ್ಲ. ತಾಲೂಕು ಆಸ್ಪತ್ರೆಗಳಿಗೆಂದು ಸರ್ಕಾರ ಮಂಗಳವಾರದ 'ಮನೋಚೈತನ್ಯ' ಕಾರ್ಯಕ್ರಮ ತಂದಿದೆ. ಆದ್ದರಿಂದ ಮನಸ್ಸು ಕೆಡುವುದಿದ್ದರೆ ಸೋಮವಾರ ಸಂಜೆಯೇ ಕೆಡಲಿ; ಬುಧವಾರ ಕೆಟ್ಟರೆ ಆರು ದಿನ ಕಾಯಬೇಕು. ಟೆಲಿಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿಯೂ ಉಂಟು, ನೆಟ್‌ವರ್ಕ್ ಸಿಗುವ ಗುಡ್ಡ ಹತ್ತಿದರಾಯಿತು.

ಅಷ್ಟಕ್ಕೂ, ತಾಳಿಕೊಳ್ಳುವುದನ್ನು ಕೇರಳ ಗಡಿಯ ಈ ನಾಡಿಗೆ ಹೊರಗಿನವರು ಬಂದು ಕಲಿಸಬೇಕೇ? ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದು ಸರ್ಕಾರಿ ನಿಗಮಗಳೇ: ಆಚೆ ಪಡ್ರೆಯ ಸ್ವರ್ಗವೆಂಬ ಊರಲ್ಲಿ ಕೇರಳದ್ದು, ಈಚೆ ಕೊಕ್ಕಡದಲ್ಲಿ ನಮ್ಮದೇ. ಅಪಸ್ಮಾರ, ಕುಂಠಿತ ಬುದ್ಧಿ ಬೆಳವಣಿಗೆಯ ಮಕ್ಕಳನ್ನು ಎತ್ತಿಕೊಂಡು ತಾಯಂದಿರು ಕಚೇರಿಗಳ ಮೆಟ್ಟಿಲು ಹತ್ತಿದರು. ಕೊಕ್ಕಡ, ಕೊಯಿಲಗಳಲ್ಲಿ ಪಾಲನಾ ಕೇಂದ್ರಗಳು ಬಂದವು. ಆ ವಿಷಕ್ಕೆ ಸುಪ್ರೀಂ ಕೋರ್ಟು ತಡೆ ಹಾಕಿದ್ದು 2011ರಲ್ಲಿ. ಅಷ್ಟರೊಳಗೆ ಮಕ್ಕಳು ಪ್ರಾಯಕ್ಕೆ ಬಂದಿದ್ದರು, ತಾಯಂದಿರು ಮುದುಕಿಯರಾಗುತ್ತಿದ್ದರು. ವಿಷ ಸುರಿದವರಿಗೆ ಮಾತ್ರ ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂದು ಯಾರೂ ಶಿಬಿರ ಮಾಡಲಿಲ್ಲ. ಬೇಕಾಗಿರಲಿಲ್ಲ, ಮೊದಲೇ ಗಟ್ಟಿಯಿತ್ತು.

ಇಷ್ಟೆಲ್ಲ ಮಾಡಿದ್ದು ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು. ಅದು ಇವತ್ತಿಗೂ ಗೇರಿನ ಹೂ ಒಣಗಿಸುತ್ತ ಸುಖವಾಗಿದೆ. ಮುಂದಿನ ಶಿಬಿರಕ್ಕೆ ಸಂಪನ್ಮೂಲ ವ್ಯಕ್ತಿ ಸಿಗದಿದ್ದರೆ ಅದನ್ನೇ ಕರೆಯಬಹುದು.