ಒಂದು ಚಿರತೆ, ಮೂರು ಮೀಸೆ

ನಮ್ಮ ಭಾಮೈದನಿಗೆ ಕಬಿನಿಯಲ್ಲಿ ಚಿರತೆ ಸಿಕ್ಕಿ ಮೂರು ವಾರವಾಯಿತು. ಅದು ಕೊಂಬೆಯ ಮೇಲೆ ಕೂತದ್ದು ಮೂರೇ ನಿಮಿಷ. ಅದರ ಪಟ ಇಟ್ಟುಕೊಂಡು ಕಂಪ್ಯೂಟರ್ ಮುಂದೆ ಕೂತ ಇವನು ಇನ್ನೂ ಎದ್ದಿಲ್ಲ.

ಸಂಜೆ ಆರು ಕಳೆದಿತ್ತು, ಮೋಡ ಬೇರೆ. ಐಎಸ್‌ಒ 12,800ಕ್ಕೆ ಏರಿಸಿ ಹೊಡೆದ ಪಟದ ತುಂಬ ಯಾರೋ ಚಿರೋಟಿ ರವೆ ಚೆಲ್ಲಿದಂತಿತ್ತು. "ಭಾವ, ಇದೇ ನಾಯ್ಸು" ಎಂದ. ನಾನು ಅಭ್ಯಾಸಬಲದಿಂದ ಕಿವಿಗೊಟ್ಟೆ. ಫೋಟೊದಲ್ಲಿ ನಾಯ್ಸು ಕಣ್ಣಿಗೆ ಬೀಳುತ್ತದಂತೆ. ನಮ್ಮ ಸಭೆಗಳಲ್ಲಿ ಕಿವಿಗೆ ಬೀಳುತ್ತದೆ. ಎರಡೂ ಕಡೆ ಕಾರಣ ಒಂದೇ: ಬೆಳಕು ಸಾಲದು.

ಲೆಕ್ಕ ಹೀಗಿದೆ. ಬೆಳಕು ಮಳೆಹನಿಯ ಹಾಗೆ ಬಿಡಿಬಿಡಿಯಾಗಿ ಬೀಳುತ್ತದೆ. ಸೆನ್ಸರಿನ ಒಂದು ಪಿಕ್ಸೆಲ್‌ಗೆ 10,000 ಫೋಟಾನ್ ಸಿಕ್ಕರೆ ಏರುಪೇರು ಸುಮಾರು 100, ನೂರಕ್ಕೆ ಒಂದು ಪಾಲು. ಬರೀ 100 ಸಿಕ್ಕರೆ ಏರುಪೇರು 10, ನೂರಕ್ಕೆ ಹತ್ತು ಪಾಲು. ಐಎಸ್‌ಒ ಪಾಪ, ಈ ಬಡತನವನ್ನು ಮೈಕಿನಲ್ಲಿ ಸಾರುತ್ತದಷ್ಟೆ. ಅಂದರೆ ನಾಯ್ಸು ಎಂಬುದು ಕ್ಯಾಮೆರಾ ಕಟಕಟೆಯಲ್ಲಿ ನಿಂತು ಹೇಳುವ ಮಾತು: "ಸ್ವಾಮಿ, ಕತ್ತಲಿತ್ತು, ಸರಿಯಾಗಿ ಕಾಣಲಿಲ್ಲ." ಇಂಥ ಸಾಕ್ಷಿ ಯಾವ ವಕೀಲನಿಗೆ ಬೇಕು?

ನಾಯ್ಸು ಅಳಿಸುವ ಹಳೆಯ ತಂತ್ರಾಂಶಗಳು ಅಕ್ಕಪಕ್ಕದ ಪಿಕ್ಸೆಲ್‌ಗಳನ್ನು ವಿಚಾರಿಸಿ ರಾಜಿ ಪಂಚಾಯಿತಿ ಮಾಡುತ್ತಿದ್ದವು. ರವೆಯ ಜತೆ ರೋಮವೂ ಹೋಗಿ ಚಿರತೆ ಮೇಣದ ಬೊಂಬೆಯಾಗುತ್ತಿತ್ತು. ಹೊಸಬರು ಹಾಗಲ್ಲ, ಓದಿಕೊಂಡವರು. 2020ರಲ್ಲಿ ಡಿಎಕ್ಸ್‌ಒದ ಡೀಪ್‌ಪ್ರೈಮ್ ಬಂತು, 2023ರ ಏಪ್ರಿಲ್‌ನಲ್ಲಿ ಅಡೋಬಿ ಲೈಟ್‌ರೂಮಿನ ಎಐ ಡೀನಾಯ್ಸ್ ಬಂತು, ಟೊಪಾಝ್ ಅಂತೂ ಮೊದಲಿನಿಂದಲೂ ಕಣದಲ್ಲಿದೆ. ರವೆ ಬಿದ್ದ ಪಟ, ಬೀಳದ ಪಟಗಳನ್ನು ರಾಶಿರಾಶಿ ನೋಡಿ ಪಳಗಿದ ಇವು, ಕಾಣದ್ದನ್ನೂ ಕಂಡಂತೆ ಹೇಳಬಲ್ಲವು. ಕಳ್ಳನನ್ನು ನೋಡದಿದ್ದರೂ ಅವನ ಅಂಗಿಗೆ ಎಷ್ಟು ಗುಂಡಿಯಿತ್ತೆಂದು ಹೇಳುವ ನಮ್ಮೂರ ಸಾಕ್ಷಿಗಳ ಹಾಗೆ.

ಭಾಮೈದ ಮೂರು ತಂತ್ರಾಂಶಗಳನ್ನು ಟ್ರಯಲ್‌ಗೆ ಇಳಿಸಿಕೊಂಡ. ಓಡಿಸಿದ ಕೂಡಲೇ ಕಂಪ್ಯೂಟರಿನ ಫ್ಯಾನ್ ಹಿಟ್ಟಿನ ಗಿರಣಿಯಂತೆ ಮೊರೆಯಿತು. ಪಟದೊಳಗಿನ ನಾಯ್ಸು ಮನೆಯೊಳಕ್ಕೆ ಬಂತು. ಆಮೇಲೆ ಶೇಕಡಾ ನಾನೂರಕ್ಕೆ ಹಿಗ್ಗಿಸಿ, ಯಾವ ಚಿರತೆಯೂ ತನ್ನ ಮುಖವನ್ನು ನೋಡಿಕೊಂಡಿರದಷ್ಟು ಹತ್ತಿರದಿಂದ ನೋಡಿದೆವು. ಮೊದಲನೆಯದರಲ್ಲಿ ಮೀಸೆ ರೇಷ್ಮೆ ಎಳೆ. ಎರಡನೆಯದರಲ್ಲಿ ಬೇಲಿಯ ತಂತಿ. ಮೂರನೆಯದರಲ್ಲಿ ಮೀಸೆಯೇ ಇಲ್ಲ, ಬದಲಿಗೆ ಮರದ ತೊಗಟೆಗೆ ತುಪ್ಪಳ ಬೆಳೆದಿತ್ತು.

"ಯಾವುದು ನಿಜ, ಭಾವ?"

"ಚಿರತೆಯನ್ನೇ ಕೇಳಬೇಕು ಕಣೋ. ಅಲ್ಲಿ ನೀನೂ ಇದ್ದೆಯಲ್ಲ?"

"ನಾನೆಲ್ಲಿ ನೋಡಿದೆ? ಸೆಟ್ಟಿಂಗ್ಸ್ ಮಾಡ್ತಾ ಇದ್ದೆ."

ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವನ್ಯಜೀವಿ ಛಾಯಾಚಿತ್ರ ಸ್ಪರ್ಧೆಯಲ್ಲಿ ಕೊನೆಯ ಸುತ್ತಿಗೆ ಬಂದವರಿಂದ ಮೂಲ ರಾ ಫೈಲ್ ತರಿಸಿಕೊಳ್ಳುತ್ತಾರೆ. ನಾಯ್ಸು ತಗ್ಗಿಸಬೇಡಿ ಎಂದಲ್ಲ. ತಿದ್ದಿದ ಹೇಳಿಕೆಯ ಪಕ್ಕದಲ್ಲಿ ಮೊದಲ ಹೇಳಿಕೆಯನ್ನೂ ಓದಬೇಕು ಎಂದು. ಈ ಸಂಗತಿ ಹೇಳಿದ್ದಕ್ಕೆ ಭಾಮೈದ, "ನಾನು ಲಂಡನ್ನಿಗೆ ಕಳಿಸ್ತಿಲ್ಲ, ವಾಟ್ಸಾಪಿಗೆ" ಎಂದ.

ಕೊನೆಗೆ ರೇಷ್ಮೆ ಮೀಸೆಯೇ ಗೆದ್ದಿತು. ಆದರೆ ಪಟ ಯಾಕೋ ಪ್ಲಾಸ್ಟಿಕ್ ಪ್ಲಾಸ್ಟಿಕ್ ಅನ್ನಿಸಿತಂತೆ. ಲೈಟ್‌ರೂಮಿನಲ್ಲಿ ಗ್ರೇನ್ ಎಂಬ ಗುಬುಟು ಎಳೆದು, ಗುಡಿಸಿ ಹಾಕಿದ್ದ ರವೆಯನ್ನು ಒಂದು ಹದದಲ್ಲಿ ಮತ್ತೆ ಉದುರಿಸಿದ. ಈಗ ಅದರ ಹೆಸರು ನಾಯ್ಸಲ್ಲ, ಫಿಲ್ಮ್ ಫೀಲ್.

ಮನೆಯವರ ಗುಂಪಿಗೆ ಪಟ ಹೋಯಿತು. ವಾಟ್ಸಾಪು ಅದನ್ನು ಹಿಂಡಿ ಹಿಪ್ಪೆ ಮಾಡಿ ಅಂಗೈಯಗಲದ ಪರದೆಗೆ ಇಳಿಸಿತು. ನಮ್ಮತ್ತೆ ಕನ್ನಡಕ ಏರಿಸಿ ನೋಡಿ ಉತ್ತರಿಸಿದರು: "ಮರ ಚೆನ್ನಾಗಿ ಬಂದಿದೆ ಮಗಾ."

ಇಡೀ ಪ್ರಕರಣದಲ್ಲಿ, ಕ್ಯಾಮೆರಾ ಬಿಟ್ಟರೆ, ಕಂಡಷ್ಟನ್ನೇ ಹೇಳಿದವರು ಅವರೊಬ್ಬರೇ.