ಸೈಕಲ್ಲಿನಿಂದ ಹೊಡೆದರೂ ಸಾಯದವರು

ಸೇಗಾ ಕಂಪನಿಯ ‘ಯಾಕುಜಾ’ ಗೇಮ್ ಸರಣಿ ಜಪಾನಿನಲ್ಲಿ ಶುರುವಾದದ್ದು 2005ರಲ್ಲಿ. ಟೋಕಿಯೋದ ಕಬುಕಿಚೋ ಬಡಾವಣೆಯ ಪಡಿಯಚ್ಚಿನಂತಿರುವ ಕಮುರೋಚೋ ಇದರ ಅಖಾಡ. ರೌಡಿಸಂ ಬಿಡಲು ಹೊರಟು ಪ್ರತಿ ಸಲವೂ ಸಿಕ್ಕಿಬೀಳುವ ಕಝುಮಾ ಕಿರ್ಯು ಇದರ ನಾಯಕ.

ಅಭಿಮಾನಿಗಳ ಮೊದಲ ತಕರಾರು, ಆಟವನ್ನು ಎಲ್ಲಿಂದ ಶುರುಮಾಡಬೇಕು ಎಂಬುದು. ಬಿಡುಗಡೆಯಾದ ಕ್ರಮದಲ್ಲೇ ಎನ್ನುತ್ತದೆ ಮಡಿವಂತ ಪಂಗಡ. 2015ರಲ್ಲಿ ಬಂದರೂ 1988ರ ಕಥೆ ಹೇಳುವ ‘ಯಾಕುಜಾ 0’ಯಿಂದ ಎನ್ನುತ್ತದೆ ಇನ್ನೊಂದು. ಪಾಪ, ಕೇಳಿದ ಹೊಸಬ ಅಷ್ಟರಲ್ಲಿ ಬೇರೇನೋ ಆಡಿ ಮುಗಿಸಿರುತ್ತಾನೆ.

ಇದಕ್ಕಿಂತ ಸೊಗಸಾದದ್ದು ‘ಕಿರ್ಯು ಯಾರನ್ನೂ ಕೊಂದಿಲ್ಲ’ ಎಂಬ ವಾದ. ಬೀದಿಯಲ್ಲಿ ನಿಂತ ಸೈಕಲ್ಲನ್ನೆತ್ತಿ ಎದುರಾಳಿಯ ತಲೆಗೆ ಅಪ್ಪಳಿಸುತ್ತಾನೆ, ಸೈಕಲ್ಲು ಪುಡಿಪುಡಿ. ಏಟು ತಿಂದವನು ಎದ್ದು, ಕ್ಷಮೆ ಕೇಳಿ, ದುಡ್ಡನ್ನೂ ಕೊಟ್ಟು ಓಡುತ್ತಾನೆ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ ಎಂಬುದು ಭಕ್ತರ ಪ್ರಶ್ನೆ.

2020ರಲ್ಲಿ ಇಚಿಬಾನ್ ಕಸುಗಾ ನಾಯಕನಾಗಿ ಬಂದಾಗ ಹೊಡೆದಾಟ ಸರದಿಯ ಲೆಕ್ಕಕ್ಕೆ ತಿರುಗಿತು. ಗೂಂಡಾಗಳು ಪಾಳಿ ಪ್ರಕಾರ ಒದೆ ತಿನ್ನುವುದೇ ಎಂದು ಹಳಬರು ಗೊಣಗಿದರು. 2016ರಲ್ಲೇ ವಿದಾಯ ಹೇಳಿದ್ದ ಕಿರ್ಯು 2023ರಲ್ಲಿ ಮತ್ತೆ ನಾಯಕನಾಗಿ ಪ್ರತ್ಯಕ್ಷನಾದ. ರಾಜಕಾರಣಿಗಳ ನಿವೃತ್ತಿಯೇ ವಾಸಿ.

ತಕರಾರಿಲ್ಲದ ಸಂಗತಿಯೂ ಒಂದಿದೆ. ‘ಯಾಕುಜಾ 0’ಯ ಬೌಲಿಂಗ್ ಆಟದಲ್ಲಿ ಸತತ ಮೂರು ಸ್ಟ್ರೈಕ್ ಹೊಡೆದರೆ ನಗೆಟ್ ಎಂಬ ಕೋಳಿ ಬಹುಮಾನ. ಆ ಕೋಳಿಯನ್ನು ರಿಯಲ್ ಎಸ್ಟೇಟ್ ಮ್ಯಾನೇಜರ್ ಆಗಿ ನೇಮಿಸಬಹುದು. ಅದರ ಯೋಗ್ಯತೆಯನ್ನು ಯಾವ ಪಂಗಡವೂ ಪ್ರಶ್ನಿಸುವುದಿಲ್ಲ.